ಬೇಯಿಸಿದ ಮೇಲೂ ಮೀನಿನಲ್ಲಿ ಉಳಿಯುವುದೇನು?

ನಿಮ್ಮ ಪ್ರಶ್ನೆಯ ಸಾರ ಇದು: “ನಾವು ಮೀನನ್ನು ಹಸಿಯಾಗಿ ತಿನ್ನುವವರಲ್ಲ, ಚೆನ್ನಾಗಿ ಬೇಯಿಸಿಯೇ ತಿನ್ನುತ್ತೇವೆ. ಹಾಗಿರುವಾಗ ಸಮುದ್ರ ಬಿಸಿಯಾಗಿ ಮೀನು ವಿಷವಾಗುತ್ತಿದೆ ಎಂಬ ಸುದ್ದಿಗೆ ತಲೆ ಕೆಡಿಸಿಕೊಳ್ಳಬೇಕೇ? ಅಷ್ಟು ಭಯವಿದ್ದರೆ ಸಾಕಿದ ಮೀನನ್ನೇ ತಿಂದರಾಯಿತಲ್ಲವೇ?”

ಮೀನಿನ ಗುಣಮಟ್ಟ ಪರೀಕ್ಷಿಸುವ ಪ್ರಯೋಗಾಲಯದಲ್ಲಿ ನಾನು ಹನ್ನೊಂದು ವರ್ಷ ಕೆಲಸ ಮಾಡಿದ್ದೇನೆ. ಬೇಯಿಸಿದರೆ ಎಲ್ಲವೂ ಸರಿಹೋಗುತ್ತದೆ ಎಂಬ ನಂಬಿಕೆ ಮೊದಲ ಮೂರು ವರ್ಷ ನನಗೂ ಇತ್ತು. ಅದನ್ನು ಬಿಡಿಸಿದ್ದು ಓದಲ್ಲ, ಒಂದು ಮಧ್ಯಾಹ್ನದ ಊಟ. ಚೆನ್ನಾಗಿ ಬೆಂದ ಟ್ಯೂನಾ ಮೀನು. ವಾಸನೆಯಲ್ಲಿ, ಬಣ್ಣದಲ್ಲಿ ಯಾವ ದೋಷವೂ ಇರಲಿಲ್ಲ. ನಾಲಿಗೆಯ ಮೇಲೆ ಮಾತ್ರ ಕಾಳುಮೆಣಸಿನಂಥ ಚುರುಕು. ಮಸಾಲೆ ಇರಬೇಕು ಎಂದುಕೊಂಡೆ. ಅರ್ಧ ಗಂಟೆ ಕಳೆಯುವುದರೊಳಗೆ ಮುಖ ಕೆಂಪೇರಿತು, ತಲೆ ಸಿಡಿಯತೊಡಗಿತು, ಎದೆಯ ಮೇಲೆಲ್ಲ ತುರಿಕೆ. ವೈದ್ಯರು ಮೀನಿನ ಅಲರ್ಜಿ ಎಂದು ಬರೆದುಕೊಟ್ಟು, ಇನ್ನು ಮುಂದೆ ಮೀನು ಮುಟ್ಟಬೇಡಿ ಎಂದರು. ಹುಟ್ಟಿದಾಗಿನಿಂದ ಮೀನು ತಿಂದವನಿಗೆ ಒಂದೇ ದಿನದಲ್ಲಿ ಅಲರ್ಜಿ ಎಲ್ಲಿಂದ ಬಂತು ಎಂಬ ಅನುಮಾನದಿಂದ, ಫ್ರಿಜ್‌ನಲ್ಲಿ ಉಳಿದಿದ್ದ ತುಂಡನ್ನು ಮರುದಿನ ಪ್ರಯೋಗಾಲಯಕ್ಕೆ ಒಯ್ದೆ. ಅಲರ್ಜಿಯಂಥದೇ ಲಕ್ಷಣ ತರುವ ಹಿಸ್ಟಮಿನ್ ಎಂಬ ರಾಸಾಯನಿಕ ಕಿಲೋಗೆ 640 ಮಿಲಿಗ್ರಾಂ ಸಿಕ್ಕಿತು. ಅಂತರರಾಷ್ಟ್ರೀಯ ಆಹಾರ ಮಾನದಂಡವಾದ ಕೋಡೆಕ್ಸ್ ಒಪ್ಪುವ ಮಿತಿ 200. ಅದೇ ಮೀನಿನ ಬಾಲದ ಕಡೆಯ ತುಂಡು ತಿಂದ ಸಹೋದ್ಯೋಗಿಗೆ ಏನೂ ಆಗಲಿಲ್ಲ. ಹಿಸ್ಟಮಿನ್ ಒಂದೇ ಮೀನಿನೊಳಗೂ ಹೀಗೆ ಒಂದೆಡೆ ಹೆಚ್ಚು, ಒಂದೆಡೆ ಕಡಿಮೆ ಇರುತ್ತದೆ.

ಆದದ್ದು ಇಷ್ಟು. ಟ್ಯೂನಾ, ಬಂಗುಡೆ, ಬೂತಾಯಿಯಂಥ ಮೀನುಗಳ ಸ್ನಾಯುವಿನಲ್ಲಿ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲ ಹೇರಳವಾಗಿದೆ. ಮೀನು ಸತ್ತ ಮೇಲೆ ಅದರ ಕಿವಿರು ಮತ್ತು ಕರುಳಿನಲ್ಲಿದ್ದ ಕೆಲವು ಬ್ಯಾಕ್ಟೀರಿಯಾಗಳು ಅದನ್ನು ಹಿಸ್ಟಮಿನ್ ಆಗಿ ಮಾರ್ಪಡಿಸುತ್ತವೆ. ಒಲೆಯ ಉರಿಗೆ ಬ್ಯಾಕ್ಟೀರಿಯಾ ಸಾಯುತ್ತದೆ, ಆದರೆ ಅದು ಸಾಯುವ ಮೊದಲು ಮಾಡಿಟ್ಟ ಹಿಸ್ಟಮಿನ್ ಹಾಗೆಯೇ ಉಳಿಯುತ್ತದೆ. ಕುದಿಸಿದರೂ, ಹುರಿದರೂ, ಡಬ್ಬಿಯಲ್ಲಿ ಮುಚ್ಚಿ ಒತ್ತಡದಲ್ಲಿ ಬೇಯಿಸಿದರೂ ಹೋಗುವುದಿಲ್ಲ. ಹೆಪ್ಪುಗಟ್ಟಿಸಿದರೂ ಅಷ್ಟೇ, ಮೇಲಾಗಿ ಬ್ಯಾಕ್ಟೀರಿಯಾ ಸ್ರವಿಸಿದ ಕಿಣ್ವ, ಮಂಜುಗಡ್ಡೆ ಕರಗಿದ ಮೇಲೆ ಮತ್ತೆ ಕೆಲಸ ಶುರುಮಾಡಬಲ್ಲದು. ಇಲ್ಲಿ ನಿರ್ಣಾಯಕವಾದದ್ದು ಅಡುಗೆಮನೆಯಲ್ಲ, ಮೀನು ಬಲೆಗೆ ಬಿದ್ದ ನಂತರದ ಮೊದಲ ಕೆಲವು ಗಂಟೆಗಳು. ನೀರೂ ಗಾಳಿಯೂ ಬಿಸಿಯಾದಷ್ಟು ಆ ಅವಧಿ ಕುಗ್ಗುತ್ತದೆ. ನಿನ್ನೆಯವರೆಗೆ ಸಾಲುತ್ತಿದ್ದ ಮಂಜುಗಡ್ಡೆ ಇಂದು ಸಾಲದು. ಸಮುದ್ರ ಬಿಸಿಯಾಗುವುದಕ್ಕೂ ನಿಮ್ಮ ತಟ್ಟೆಗೂ ಇರುವ ನೇರವಾದ ನಂಟು ನನ್ನ ಅನುಭವದಲ್ಲಿ ಇದೇ. ಸುದ್ದಿಯಲ್ಲಿ ಮಾತ್ರ ಇದು ಬರುವುದೇ ಇಲ್ಲ. ಮಂಜುಗಡ್ಡೆಯ ಕೊರತೆ ಯಾವ ಸಂಪಾದಕರಿಗೂ ರೋಚಕವಲ್ಲ.

ಎರಡನೆಯ ಬಗೆಯ ವಿಷ ಮೀನು ಬದುಕಿದ್ದಾಗಲೇ ಅದರೊಳಗೆ ಸೇರುತ್ತದೆ. ಹವಳದ ದಿಬ್ಬಗಳ ಪಾಚಿಗೆ ಅಂಟಿಕೊಂಡು ಬದುಕುವ ಗ್ಯಾಂಬಿಯರ್‌ಡಿಸ್ಕಸ್ ಎಂಬ ಸೂಕ್ಷ್ಮಜೀವಿ ಮಾಡುವ ವಿಷವನ್ನು ಪಾಚಿ ಮೇಯುವ ಮೀನು ನುಂಗುತ್ತದೆ, ಅದನ್ನು ದೊಡ್ಡ ಮೀನು ನುಂಗುತ್ತದೆ. ಹೀಗೆ ಮೇಲೇರುತ್ತ ಬರಾಕುಡಾದಂಥ ಬೇಟೆಗಾರ ಮೀನಿನಲ್ಲಿ ಅದು ಸಾಂದ್ರವಾಗುತ್ತದೆ. ಇದಕ್ಕೆ ಸಿಗ್ವಟೇರಾ ಎಂದು ಹೆಸರು. ಮೀನಿಗೆ ಏನೂ ಆಗಿರುವುದಿಲ್ಲ, ರುಚಿ ಬದಲಾಗಿರುವುದಿಲ್ಲ, ಬೇಯಿಸಿದರೆ ವಿಷ ಹೋಗುವುದಿಲ್ಲ. ತಿಂದವರಲ್ಲಿ ಕೆಲವರಿಗೆ ತಣ್ಣೀರು ಮುಟ್ಟಿದರೆ ಸುಟ್ಟಂತಾಗುವ ವಿಚಿತ್ರ ಲಕ್ಷಣ ವಾರಗಟ್ಟಲೆ ಕಾಡುತ್ತದೆ. ಉಷ್ಣವಲಯದ ಕಾಯಿಲೆ ಎಂದೇ ಎಲ್ಲರೂ ತಿಳಿದಿದ್ದರು. 2004ರಲ್ಲಿ ಅಟ್ಲಾಂಟಿಕ್‌ನ ಕ್ಯಾನರಿ ದ್ವೀಪಗಳಲ್ಲಿ ಒಂದು ಕುಟುಂಬ ತಾವೇ ಹಿಡಿದ ದೊಡ್ಡ ಆಂಬರ್‌ಜ್ಯಾಕ್ ಮೀನು ತಿಂದು ಈ ಕಾಯಿಲೆಗೆ ಬಿದ್ದಿತು. ಆಮೇಲೆ ಅಲ್ಲಿನ ನೀರಿನಲ್ಲಿಯೂ ಆ ಸೂಕ್ಷ್ಮಜೀವಿ ನೆಲೆಸಿರುವುದು ಕಂಡುಬಂತು. ಹಾಗೆಂದು ಬಿಸಿ ಹೆಚ್ಚಿದಷ್ಟೂ ವಿಷ ಹೆಚ್ಚು ಎಂಬ ಸರಳ ಲೆಕ್ಕ ಮಾಡಬೇಡಿ. ಶಾಖ ಒಂದು ಮಿತಿ ಮೀರಿದರೆ ಆ ಜೀವಿಯ ಬೆಳವಣಿಗೆಯೂ ಕುಂಠಿತವಾಗುತ್ತದೆ. ಹಳೆಯ ಜಾಗದಲ್ಲಿ ತಗ್ಗಿ ಹೊಸ ಜಾಗದಲ್ಲಿ ತಲೆಯೆತ್ತಬಹುದು. ಯಾವ ಮೀನನ್ನು ಎಲ್ಲಿ, ಯಾವಾಗ ತಿನ್ನಬಾರದು ಎಂದು ತಲೆಮಾರುಗಳಿಂದ ಕಲಿತ ತಿಳಿವಳಿಕೆ ಆಗ ಕೈಕೊಡುತ್ತದೆ.

ಚಿಪ್ಪುಜೀವಿಗಳದ್ದು ಇನ್ನೊಂದು ಕಥೆ. ಅವು ದಿನವಿಡೀ ನೀರನ್ನು ಸೋಸಿ ತಿನ್ನುವ ಪ್ರಾಣಿಗಳು, ನೀರಿನಲ್ಲಿ ಇದ್ದದ್ದೆಲ್ಲ ಅವುಗಳ ಒಡಲಲ್ಲಿ ಶೇಖರವಾಗುತ್ತದೆ. 1987ರ ಕೊನೆಯಲ್ಲಿ ಕೆನಡಾದ ಪ್ರಿನ್ಸ್ ಎಡ್ವರ್ಡ್ ದ್ವೀಪದಲ್ಲಿ ಸಾಕಿದ ಮಸೆಲ್ ಚಿಪ್ಪು ತಿಂದು ನೂರಕ್ಕೂ ಹೆಚ್ಚು ಜನ ಅಸ್ವಸ್ಥರಾದರು. ಮೂವರು ಸತ್ತರು, ಬದುಕಿದ ಕೆಲವರ ನೆನಪಿನ ಶಕ್ತಿ ಮರಳಲೇ ಇಲ್ಲ. ಕಾರಣ ಡೊಮೊಯಿಕ್ ಆಮ್ಲ, ಅದನ್ನು ತಯಾರಿಸಿದ್ದು ಒಂದು ಡಯಾಟಮ್ ಪಾಚಿ. ಅದು ಕೂಡ ಅಡುಗೆಯ ಶಾಖಕ್ಕೆ ಮಣಿಯುವುದಿಲ್ಲ. 2015ರಲ್ಲಿ ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯ ಸಮುದ್ರ ಅಸಾಧಾರಣವಾಗಿ ಬಿಸಿಯಾದಾಗ ಇದೇ ಬಗೆಯ ಪಾಚಿ ಕ್ಯಾಲಿಫೋರ್ನಿಯಾದಿಂದ ಅಲಾಸ್ಕಾದವರೆಗೆ ಹಬ್ಬಿತು. ಏಡಿ ಹಿಡಿಯುವ ಋತು ತಿಂಗಳುಗಟ್ಟಲೆ ತಡವಾಯಿತು, ದೋಣಿಗಳು ದಡದಲ್ಲೇ ನಿಂತವು. ಆದರೂ ಅದನ್ನು ನಾನು ಗೆಲುವೆಂದೇ ಎಣಿಸುತ್ತೇನೆ. ಮಾದರಿ ತೆಗೆದು ಪರೀಕ್ಷಿಸುವ ವ್ಯವಸ್ಥೆ ಇದ್ದುದರಿಂದ ಏಡಿ ತಟ್ಟೆಗೆ ಬರುವ ಮೊದಲೇ ತಡೆಯಲು ಆಯಿತು. ಅಂಥ ವ್ಯವಸ್ಥೆ ಇಲ್ಲದ ಕಡೆ ಕಾಯಿಲೆ ಬಿದ್ದ ಮನುಷ್ಯರೇ ಪರೀಕ್ಷೆಯ ಮಾದರಿಗಳು.

ನಿಮ್ಮ ನಂಬಿಕೆ ಪೂರ್ತಿ ನಿಜವಾಗುವ ಕಡೆಯೂ ಇದೆ: ವಿಬ್ರಿಯೊ ಬ್ಯಾಕ್ಟೀರಿಯಾ. ಬೆಚ್ಚನೆಯ, ಹದವಾಗಿ ಉಪ್ಪಿರುವ ನೀರು ಅದಕ್ಕೆ ಇಷ್ಟ. 2004ರ ಬೇಸಿಗೆಯಲ್ಲಿ ಅಲಾಸ್ಕಾದ ಪ್ರವಾಸಿ ಹಡಗಿನಲ್ಲಿ ಹಸಿ ಸಿಂಪಿ ತಿಂದವರಿಗೆ ವಾಂತಿಭೇದಿ ಹತ್ತಿದಾಗ ತಜ್ಞರು ಬೆಚ್ಚಿದರು, ಏಕೆಂದರೆ ಅಷ್ಟು ತಣ್ಣಗಿನ ನೀರಿನಲ್ಲಿ ಅದು ಇರಬಾರದಿತ್ತು. ಆ ಬೇಸಿಗೆ ಸಿಂಪಿ ಸಾಕಣೆಯ ನೀರು 15 ಡಿಗ್ರಿ ಸೆಲ್ಸಿಯಸ್ ದಾಟಿತ್ತು. ಆ ರೋಗಕ್ಕೆ ಮೂಲವಾದ ಸಿಂಪಿಗಳ ನೆಲೆಯ ಉತ್ತರದ ಗಡಿ ಒಂದೇ ಪ್ರಕರಣದಿಂದ ಸಾವಿರ ಕಿಲೋಮೀಟರಿಗೂ ಮೇಲೆ ಸರಿಯಿತು. ಇಲ್ಲಿ ಬೇಯಿಸಿದರೆ ಸಾಕು, ಬ್ಯಾಕ್ಟೀರಿಯಾ ಸಾಯುತ್ತದೆ. ಆದರೆ ಹಸಿ ಚಿಪ್ಪಿನ ನೀರು ಬೆಂದ ಆಹಾರಕ್ಕೆ ತಾಗದಂತೆ ನೋಡಿಕೊಳ್ಳಬೇಕು, ಮತ್ತು ಯಕೃತ್ತಿನ ಕಾಯಿಲೆ ಇರುವವರು ಹಸಿ ಸಿಂಪಿಯನ್ನು ಮುಟ್ಟಲೇಬಾರದು. ಅಂಥವರಲ್ಲಿ ಈ ಕುಲದ ಒಂದು ಪ್ರಭೇದ ರಕ್ತಕ್ಕೆ ನುಗ್ಗಿ ಪ್ರಾಣ ತೆಗೆಯಬಲ್ಲದು.

ಇನ್ನು ಸಾಕಿದ ಮೀನು. 2022ರಲ್ಲಿ ಜಗತ್ತಿನಲ್ಲಿ ಸಾಕಿದ ಜಲಪ್ರಾಣಿಗಳ ಪ್ರಮಾಣ, 9 ಕೋಟಿ 44 ಲಕ್ಷ ಟನ್, ಮೊದಲ ಬಾರಿಗೆ ಹಿಡಿದವುಗಳ ಪ್ರಮಾಣವನ್ನು ಮೀರಿತು. ಹಾಗಾಗಿ ನೀವು ಈಗಾಗಲೇ ಸಾಕಿದ್ದನ್ನೇ ತಿನ್ನುತ್ತಿರಬಹುದು. ಸಾಕಣೆಯಲ್ಲಿ ಅನುಕೂಲ ನಿಜವಾಗಿಯೂ ಇದೆ: ಮೀನು ಯಾವ ನೀರಿನಲ್ಲಿತ್ತು, ಏನು ತಿಂದಿತು, ಯಾವ ಗಂಟೆಗೆ ಮೇಲೆತ್ತಿದರು ಎಂಬುದಕ್ಕೆ ಲೆಕ್ಕ ಇಡಬಹುದು. ಕೊಳದಿಂದ ಎತ್ತಿದ ಕ್ಷಣವೇ ಮಂಜುಗಡ್ಡೆಗೆ ಹಾಕಬಹುದು. ಆದರೆ ಕೊಳ ಬಿಸಿಲಿನಿಂದ ತಪ್ಪಿಸಿಕೊಳ್ಳಲಾರದು. 20 ಡಿಗ್ರಿಯ ಸಿಹಿನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ 30 ಡಿಗ್ರಿಯದ್ದು ಏಳೂವರೆ. ಅದೇ ಹೊತ್ತಿಗೆ ಮೀನಿನ ಉಸಿರಾಟದ ಬೇಡಿಕೆ ಏರುತ್ತದೆ. ರಾತ್ರಿಯಿಡೀ ಪಾಚಿಯೂ ಆಮ್ಲಜನಕ ಹೀರುವುದರಿಂದ ಬೆಳಗಿನ ಜಾವ ಅದು ತೀರಾ ತಗ್ಗಿ, ಮೀನುಗಳು ಮೇಲ್ಮೈಗೆ ಬಂದು ಬಾಯಿ ತೆರೆಯುತ್ತವೆ. ಹಾಗೆ ಬಳಲಿದ ಮೀನು ರೋಗಕ್ಕೆ ತುತ್ತಾಗುತ್ತದೆ, ರೋಗ ಬಂದರೆ ಸಾಲ ಮಾಡಿ ಕೊಳ ತುಂಬಿಸಿದವರ ಕೈ ಆ್ಯಂಟಿಬಯೋಟಿಕ್ ಡಬ್ಬಿಯತ್ತ ಹೋಗುತ್ತದೆ. ಬಹಳಷ್ಟು ದೇಶಗಳು ನಿಷೇಧಿಸಿರುವ ನೈಟ್ರೋಫ್ಯುರಾನ್ ಔಷಧದ ಶೇಷ ಸಿಗಡಿಯ ಮಾಂಸದ ಪ್ರೋಟೀನಿಗೆ ಅಂಟಿಕೊಂಡಿರುತ್ತದೆ, ಸಾಮಾನ್ಯ ಅಡುಗೆಯಿಂದ ಅದೂ ಹೋಗುವುದಿಲ್ಲ. ಆದ್ದರಿಂದ ‘ಸಾಕಿದ್ದು’ ಎಂಬ ಒಂದು ಪದದ ಮೇಲೆ ನಾನು ಭರವಸೆ ಇಡುವುದಿಲ್ಲ. ಸಾಕಿದವರು ಬರೆದಿಟ್ಟ ಲೆಕ್ಕ ತೋರಿಸಿದರೆ ಇಡುತ್ತೇನೆ.

ಪಾದರಸದ ಬಗ್ಗೆ ನೀವು ಕೇಳಿಲ್ಲ, ಆದರೆ ಅದೂ ಬೇಯಿಸಿದರೆ ಹೋಗದ ಗುಂಪಿನದೇ. ದೊಡ್ಡದಾಗಿ ಬೆಳೆದು ಬಹುಕಾಲ ಬದುಕುವ ಬೇಟೆಗಾರ ಮೀನುಗಳಲ್ಲಿ ಹೆಚ್ಚು, ಸಣ್ಣ ಮೀನುಗಳಲ್ಲಿ ಕಡಿಮೆ. ಗರ್ಭಿಣಿಯರು ಮತ್ತು ಮಕ್ಕಳು ಸಣ್ಣ ಮೀನು ಆರಿಸಿಕೊಳ್ಳುವುದು ಒಳ್ಳೆಯದು. ಮೀನನ್ನೇ ಬಿಡುವ ಅಗತ್ಯವಿಲ್ಲ.

ನಾನು ಇವತ್ತಿಗೂ ವಾರಕ್ಕೆ ಮೂರು ದಿನ ಮೀನು ತಿನ್ನುತ್ತೇನೆ. ಬದಲಾದದ್ದು ಕೊಳ್ಳುವ ರೀತಿ. ಮಂಜುಗಡ್ಡೆಯ ಮೇಲೆ ಅಲಂಕಾರಕ್ಕೆ ಜೋಡಿಸಿಟ್ಟ ಮೀನನ್ನು ಬಿಟ್ಟು ಮಂಜುಗಡ್ಡೆಯೊಳಗೆ ಹೂತಿಟ್ಟಿದ್ದನ್ನು ಕೊಳ್ಳುತ್ತೇನೆ. ಕೊಳ್ಳುವುದು ಕೊನೆಯ ಕೆಲಸ, ಆಮೇಲೆ ನೇರ ಮನೆಗೆ. ಫ್ರಿಜ್ 4 ಡಿಗ್ರಿಗಿಂತ ಕೆಳಗಿದೆಯೇ ಎಂದು ನೋಡಲು ಒಳಗೊಂದು ತಾಪಮಾಪಕ ಇಟ್ಟಿದ್ದೇನೆ. ಪಾಚಿ ಹಬ್ಬಿದೆ ಎಂದು ಪ್ರಕಟಣೆ ಬಂದ ದಿನಗಳಲ್ಲಿ ಚಿಪ್ಪುಜೀವಿಗಳನ್ನು ಬಿಡುತ್ತೇನೆ, ಬೇಯಿಸಿಕೊಂಡರಾಯಿತು ಎಂದು ವಾದಿಸುವುದಿಲ್ಲ.

ತಿನ್ನುವಾಗ ಮಸಾಲೆಗೆ ಸಂಬಂಧವಿಲ್ಲದ ಮೆಣಸಿನ ಚುರುಕು ನಾಲಿಗೆಗೆ ತಗುಲಿದರೆ ಆ ತುತ್ತನ್ನು ಅಲ್ಲೇ ಉಗುಳಿಬಿಡಿ. ಮೈ ಕೆಂಪೇರಿದರೆ ವೈದ್ಯರ ಬಳಿ ಹೋಗಿ, ಉಸಿರಾಟಕ್ಕೆ ತೊಂದರೆಯಾದರೆ ಒಂದು ಕ್ಷಣವೂ ತಡಮಾಡಬೇಡಿ. ಯಾವ ಮೀನು, ಎಷ್ಟು ಹೊತ್ತಿಗೆ ತಿಂದಿರಿ ಎಂದು ಹೇಳಿ, ಹಿಸ್ಟಮಿನ್ ವಿಷ ಆಗಿರಬಹುದೇ ಎಂದು ನೀವಾಗಿ ಕೇಳಿ. ಉಳಿದ ತುಂಡನ್ನು ಮಾತ್ರ ಕಸಕ್ಕೆ ಎಸೆಯಬೇಡಿ. ಚೀಲದಲ್ಲಿ ಕಟ್ಟಿ, ದಿನಾಂಕ ಬರೆದು, ಫ್ರೀಜರಿನಲ್ಲಿಡಿ.