ಡೆನ್ಮಾರ್ಕ್ ರಾಣಿ ಪಟ್ಟ ಬಿಟ್ಟದ್ದು ಯಾಕೆ?

ರಾಜರು ಸಾಯೋವರೆಗೂ ಪಟ್ಟದಲ್ಲೇ ಇರ್ತಾರಲ್ಲ, ಡೆನ್ಮಾರ್ಕಿನ ಮಾರ್ಗ್ರೆಥೆ ಯಾಕೆ ಬಿಟ್ಟುಕೊಟ್ಟರು ಅಂತ ಕೇಳಿದ್ದೀರಿ. ಮುಖ್ಯ ಕಾರಣ ಬೆನ್ನು. 2023ರ ಫೆಬ್ರವರಿಯಲ್ಲಿ ದೊಡ್ಡ ಆಪರೇಷನ್ ಆಗಿತ್ತು. ಆಮೇಲೆ ಮಗನಿಗೆ ವಹಿಸಿಕೊಡುವ ಯೋಚನೆ ಬಂತು ಅಂತ ವರ್ಷದ ಕೊನೆಯ ದಿನ ಟಿವಿ ಭಾಷಣದಲ್ಲಿ ಅವರೇ ಹೇಳಿದರು. ಜನ ಹೊಸ ವರ್ಷದ ಊಟಕ್ಕೆ ಸಜ್ಜಾಗುವ ಹೊತ್ತು ಅದು, ಹೆಚ್ಚಿನವರಿಗೆ ಸುಳಿವೇ ಇರಲಿಲ್ಲ!

2024ರ ಜನವರಿ 14, ಪಟ್ಟಕ್ಕೆ ಬಂದು ಸರಿಯಾಗಿ 52 ವರ್ಷ. ಮಂತ್ರಿಗಳ ಎದುರು ಸಹಿ ಹಾಕಿದರು. ಎದ್ದು, ತಮ್ಮ ಕುರ್ಚಿಯನ್ನು ಮಗ ಫ್ರೆಡರಿಕ್‌ಗೆ ಬಿಟ್ಟು, ‘ದೇವರು ರಾಜನನ್ನು ಕಾಪಾಡಲಿ’ ಅಂತ ಹೇಳಿ ಹೊರನಡೆದರು. ಅಷ್ಟೇ. ಕಿರೀಟ ತೊಡಿಸುವ ಶಾಸ್ತ್ರ ಈಗ ಅಲ್ಲಿಲ್ಲ.

ಅಂದಹಾಗೆ, 1953ರವರೆಗೆ ಅಲ್ಲಿ ಹೆಣ್ಣುಮಕ್ಕಳಿಗೆ ಪಟ್ಟ ಸಿಗುವಂತೆಯೇ ಇರಲಿಲ್ಲ. ಜನಮತ ಕೇಳಿ ಕಾನೂನು ಬದಲಿಸಿದಾಗ ಈಕೆಗೆ 13 ವರ್ಷ.