ಕಣಜ ತುಂಬಿದರೂ ಮಗು ಬೆಳೆಯದಿದ್ದರೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಅನ್ನ ಬೆಳೆಯುವ ಕುಟುಂಬಗಳೇ ಆಫ್ರಿಕಾದ ಅನೇಕ ಹಳ್ಳಿಗಳಲ್ಲಿ ಹಸಿದಿರುತ್ತವೆ ಎಂದು ಹಿಂದಿನ ಸಂಚಿಕೆಯ ಪುಟ್ಟ ಟಿಪ್ಪಣಿಯೊಂದರಲ್ಲಿ ಬರೆದಿದ್ದೆವು. ಅದಕ್ಕೆ ಕರಾವಳಿಯ ಓದುಗರು ಕಳುಹಿಸಿದ ಪ್ರಶ್ನೆಗಳಲ್ಲಿ ಕೆಲವನ್ನು ಇಲ್ಲಿ ಆಯ್ದುಕೊಂಡಿದ್ದೇವೆ. ಆಫ್ರಿಕಾ ಐವತ್ತಕ್ಕೂ ಹೆಚ್ಚು ದೇಶಗಳಿರುವ ಖಂಡವಾದ್ದರಿಂದ, ಸಾಧ್ಯವಾದಲ್ಲೆಲ್ಲ ದೇಶದ ಹೆಸರು ಹೇಳಿಯೇ ಉತ್ತರಿಸಿದ್ದೇವೆ.

ಪ್ರಶ್ನೆ: ನಾನು ಗೇರುಬೀಜ ಕಾರ್ಖಾನೆಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ನಮ್ಮಲ್ಲಿ ಇಳಿಯುವ ಗೋಣಿಗಳಲ್ಲಿ ಬಹುಪಾಲು ಆಫ್ರಿಕಾದ ಬೀಜವೇ. ಇಷ್ಟು ಬೆಲೆಬಾಳುವ ಬೆಳೆ ಕೈಯಲ್ಲಿರುವವರ ಮನೆಯಲ್ಲಿ ಊಟಕ್ಕೆ ಕೊರತೆ ಇರುತ್ತದೆ ಎಂದರೆ ನಂಬುವುದು ಹೇಗೆ? (ಕಾರ್ಕಳ)

ಉತ್ತರ: ಪಶ್ಚಿಮ ಆಫ್ರಿಕಾದ ಗಿನಿ-ಬಿಸಾವ್ ಎಂಬ ಪುಟ್ಟ ದೇಶವನ್ನು ನೋಡಿದರೆ ತಮ್ಮ ಸಂಶಯ ಪರಿಹಾರವಾದೀತು. ಆ ದೇಶದ ರಫ್ತು ಆದಾಯದಲ್ಲಿ ಶೇ. 90ಕ್ಕಿಂತ ಹೆಚ್ಚಿನ ಪಾಲು ಗೇರುಬೀಜದ್ದು. ಅದರಲ್ಲಿ ಬಹುತೇಕ ಸುಲಿಯದ ಕಚ್ಚಾ ಬೀಜವಾಗಿಯೇ ಹಡಗು ಹತ್ತುವುದರಿಂದ, ಹುರಿದು, ಒಡೆದು, ಸುಲಿದು, ವಿಂಗಡಿಸುವ ಕೂಲಿ ಅಲ್ಲಿಯ ಹೆಂಗಸರಿಗೆ ಸಿಗದೆ ಇಲ್ಲಿಯವರಿಗೆ ಸಿಗುತ್ತದೆ. ಅಲ್ಲಿಯ ರೈತ ಏಪ್ರಿಲ್‌ನಿಂದ ಜೂನ್‌ವರೆಗಿನ ಸುಗ್ಗಿಯಲ್ಲಿ ಬೀಜ ಅಳೆದು ಕೊಟ್ಟು ಅದಕ್ಕೆ ಪ್ರತಿಯಾಗಿ ಹೊರದೇಶದ ಅಕ್ಕಿಯನ್ನು ಪಡೆಯುವ ಪದ್ಧತಿ ಬಹುಕಾಲದಿಂದ ನಡೆದುಬಂದಿದೆ. ಎಷ್ಟು ಬೀಜಕ್ಕೆ ಎಷ್ಟು ಅಕ್ಕಿ ಎಂಬುದು ಅವನ ಕೈಯಲ್ಲಿಲ್ಲ. ಬೀಜದ ಬೆಲೆ ಕುಸಿದು ಅಕ್ಕಿಯ ಬೆಲೆ ಏರಿದ ವರ್ಷ, ಮರ ತುಂಬ ಕಾಯಿ ಬಿಟ್ಟಿದ್ದರೂ ಮಳೆಗಾಲಕ್ಕೆ ಮನೆಯ ಅಕ್ಕಿ ಮುಗಿಯುತ್ತದೆ.

ಎರಡನೆಯ ಕಾರಣ ಕಾಲಮಾನದ್ದು. ಮಲಾವಿಯಲ್ಲಿ ಮೆಕ್ಕೆಜೋಳದ ಕೊಯ್ಲು ಏಪ್ರಿಲ್ ಹೊತ್ತಿಗೆ ನಡೆಯುತ್ತದೆ, ಡಿಸೆಂಬರ್ ದಾಟುವಷ್ಟರಲ್ಲಿ ಬಡವರ ಕಣಜ ಬರಿದಾಗುತ್ತದೆ. ಜನವರಿಯಿಂದ ಮಾರ್ಚ್‌ವರೆಗಿನ ಆ ತಿಂಗಳುಗಳು, ತುಳುನಾಡಿನ ಹಿರಿಯರು ಮಳೆಗಾಲದ ಆಟಿ ತಿಂಗಳಲ್ಲಿ ತಜಂಕಿನ ಸೊಪ್ಪು, ಕಣಿಲೆ ಎಂಬ ಎಳೆಬಿದಿರು, ಉಪ್ಪಿನಲ್ಲಿಟ್ಟ ಹಲಸಿನ ಸೊಳೆಗಳನ್ನು ನೆಚ್ಚಿ ದಿನ ದೂಡಿದ ಕಾಲದಂತೆಯೇ ಇರುತ್ತವೆ; ಕಳೆ ಕೀಳುವ ದುಡಿಮೆಯೂ ಮಲೇರಿಯಾವೂ ಅದೇ ಹೊತ್ತಿಗೆ ಬಂದು ಕೂಡುತ್ತವೆ. ಆಗ ಅನ್ನಕ್ಕಾಗಿ ಅನ್ಯರ ಹೊಲದಲ್ಲಿ ದಿನಗೂಲಿಗೆ ಹೋಗುವುದನ್ನು ಅಲ್ಲಿ ಗನ್ಯು ಎನ್ನುತ್ತಾರೆ. ಗನ್ಯುವಿಗೆ ಹೋದ ಮನೆಯ ಸ್ವಂತ ಹೊಲದಲ್ಲಿ ಕಳೆ ಬೆಳೆದು ಮುಂದಿನ ಸುಗ್ಗಿಯೂ ಸಣ್ಣದಾಗುತ್ತದೆ. ಸಾಲ ತೀರಿಸಲು ಕೊಯ್ಲಿನ ಕಾಲದಲ್ಲಿ ಅಗ್ಗಕ್ಕೆ ಮಾರಿದ ಅದೇ ಧಾನ್ಯವನ್ನು ಈಗ ದುಬಾರಿ ಬೆಲೆಗೆ ಕೊಳ್ಳುವವರೂ ಇದ್ದಾರೆ.

ಈ ವಿಷಯದಲ್ಲಿ ಕೊಳ್ಳುವ ದೇಶದ ಪಾತ್ರವೂ ಇದೆ ಎಂಬುದನ್ನು ನಾವು ಮರೆಯುವಂತಿಲ್ಲ. 2016ರಲ್ಲಿ ಭಾರತವು ಮೊಜಾಂಬಿಕ್‌ನಿಂದ ಬೇಳೆಕಾಳು ಕೊಳ್ಳುವ ಪ್ರಮಾಣವನ್ನು ವರ್ಷಕ್ಕೆ 1 ಲಕ್ಷ ಟನ್‌ನಿಂದ 2 ಲಕ್ಷ ಟನ್‌ಗೆ ಏರಿಸುವ ಒಪ್ಪಂದ ಮಾಡಿಕೊಂಡಿತು. ಮರುವರ್ಷ ನಮ್ಮಲ್ಲಿಯೇ ತೊಗರಿ ಭರಪೂರ ಬೆಳೆದು ಕಲಬುರಗಿಯ ರೈತರಿಗೆ ಬೆಲೆ ಸಿಗದಾದಾಗ ಆಗಸ್ಟ್‌ನಲ್ಲಿ ಆಮದಿಗೆ ಮಿತಿ ಹೇರಲಾಯಿತು. ಕಲಬುರಗಿಯವರ ದೃಷ್ಟಿಯಿಂದ ಅದು ಸರಿಯಾದ ಕ್ರಮವೇ. ಆದರೆ ಭಾರತವನ್ನೇ ನಂಬಿ ತೊಗರಿ ಬಿತ್ತಿದ್ದ ಪೂರ್ವ ಆಫ್ರಿಕಾದ ರೈತರಿಗೆ ಆ ವರ್ಷ ಬೆಲೆ ನೆಲಕಚ್ಚಿತು. ಗೇರನ್ನಾಗಲಿ ತೊಗರಿಯನ್ನಾಗಲಿ ದೂರಿ ಪ್ರಯೋಜನವಿಲ್ಲ. ಇಡೀ ವರ್ಷದ ಊಟ ಒಂದೇ ಬೆಳೆ ಮತ್ತು ಒಬ್ಬನೇ ಗಿರಾಕಿಯ ಮೇಲೆ ನಿಂತಿರುವುದೇ ಅಪಾಯಕಾರಿ.

ಪ್ರಶ್ನೆ: ಒಳ್ಳೆಯ ಬೀಜ, ರಸಗೊಬ್ಬರ ಕೊಟ್ಟು ಇಳುವರಿ ಹೆಚ್ಚಿಸಿದರೆ ಪೌಷ್ಟಿಕತೆ ತಾನಾಗಿ ಸುಧಾರಿಸುವುದಿಲ್ಲವೇ? (ಸಮಾಜಕಾರ್ಯ ವಿದ್ಯಾರ್ಥಿನಿ, ಮಂಗಳೂರು)

ಉತ್ತರ: ಹಸಿವು ತಗ್ಗುತ್ತದೆ, ಪೌಷ್ಟಿಕತೆ ತಾನಾಗಿ ಬರುವುದಿಲ್ಲ. 2005ರ ಬರದ ನಂತರ ಮಲಾವಿ ಸರಕಾರವು ರೈತರಿಗೆ ಕೂಪನ್ ಮೂಲಕ ಕಡಿಮೆ ಬೆಲೆಗೆ ಗೊಬ್ಬರ ಮತ್ತು ಮೆಕ್ಕೆಜೋಳದ ಬೀಜ ಕೊಟ್ಟಿತು, ಮಳೆಯೂ ಕೈಹಿಡಿಯಿತು, ಮುಂದಿನ ಎರಡು ವರ್ಷ ಭಾರೀ ಬೆಳೆ ಬಂದು ನೆರೆಯ ದೇಶಗಳಿಗೂ ಮಾರಾಟವಾಯಿತು. ಹೀಗಿದ್ದರೂ 2010ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 47ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರಾಗಿದ್ದರು. 2015–16ರ ಸಮೀಕ್ಷೆಯಲ್ಲಿ ಆ ಪ್ರಮಾಣ ಶೇ. 37ಕ್ಕೆ ಇಳಿದಿದೆ, ಸುಧಾರಣೆ ದೊಡ್ಡದೇ, ಆದರೂ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಮಕ್ಕಳು ಇನ್ನೂ ಕುಂಠಿತರಾಗಿಯೇ ಉಳಿದಿದ್ದರು. ಬಿಳಿ ಮೆಕ್ಕೆಜೋಳದ ಹಿಟ್ಟಿನಲ್ಲಿ ಶಕ್ತಿಯಿದೆ. ಮಗುವಿನ ಬೆಳವಣಿಗೆಗೆ ಬೇಕಾದ ಲೈಸಿನ್, ಟ್ರಿಪ್ಟೊಫ್ಯಾನ್ ಎಂಬ ಪ್ರೋಟೀನಿನ ಘಟಕಗಳು ಸಾಲುವುದಿಲ್ಲ, ‘ಎ’ ಜೀವಸತ್ವ ಇಲ್ಲವೆನ್ನುವಷ್ಟು ಕಡಿಮೆ, ಇರುವ ಕಬ್ಬಿಣ ಮತ್ತು ಸತುವೂ ದೇಹಕ್ಕೆ ಸರಿಯಾಗಿ ಸೇರುವುದಿಲ್ಲ.

ಮಲಾವಿಯ ಉತ್ತರ ಭಾಗದ ಎಕ್ವೆಂಡೆನಿ ಎಂಬಲ್ಲಿಯ ಆಸ್ಪತ್ರೆಯೊಂದಿಗೆ ಸೇರಿ 2000ದ ಹೊತ್ತಿಗೆ ರೈತರೇ ನಡೆಸತೊಡಗಿದ ಪ್ರಯೋಗವನ್ನು ತಾವು ಅವಶ್ಯ ಗಮನಿಸಬೇಕು, ಏಕೆಂದರೆ ನಮ್ಮ ಅಭಿಪ್ರಾಯದಲ್ಲಿ ಈ ಕ್ಷೇತ್ರದ ತಿರುಳು ಅಲ್ಲಿದೆ. ಅಪೌಷ್ಟಿಕತೆಯಿಂದ ಆಸ್ಪತ್ರೆಗೆ ಬರುತ್ತಿದ್ದ ಮಕ್ಕಳ ಮನೆಗಳಲ್ಲಿ ಗೊಬ್ಬರ ಕೊಳ್ಳಲು ಹಣವಿರಲಿಲ್ಲ, ಮಣ್ಣು ಸತ್ತ್ವ ಕಳೆದುಕೊಂಡಿತ್ತು. ಗಾಳಿಯ ಸಾರಜನಕವನ್ನು ಬೇರಿನ ಗಂಟುಗಳಲ್ಲಿ ಹಿಡಿದಿಡುವ ದ್ವಿದಳ ಬೆಳೆಗಳನ್ನು ಬೆಳೆದರೆ ಮಣ್ಣಿಗೂ ತಟ್ಟೆಗೂ ಲಾಭವೆಂಬುದು ಯೋಚನೆ. ಹಸಿರೆಲೆ ಗೊಬ್ಬರಕ್ಕಷ್ಟೇ ಒದಗುವ ಬಳ್ಳಿಗಿಂತ ತಿನ್ನಲು ಬರುವ ಕಾಳನ್ನೇ ರೈತರು, ಅದರಲ್ಲಿಯೂ ಹೆಂಗಸರು, ಆಯ್ದುಕೊಂಡರು. ನೆಲಕಡಲೆ ಮತ್ತು ತೊಗರಿಯನ್ನು ಒಟ್ಟಿಗೆ ಬಿತ್ತುವುದು, ನೆಲಕಡಲೆ ಕಿತ್ತ ನಂತರ ನಿಧಾನವಾಗಿ ಬೆಳೆಯುವ ತೊಗರಿಗೆ ಹೊಲವನ್ನು ಬಿಟ್ಟುಕೊಡುವುದು, ಉಳಿದ ಸೊಪ್ಪುಸದೆಯನ್ನು ಸುಡದೆ ಮಣ್ಣಿನಲ್ಲಿ ಹೂಳುವುದು, ಮುಂದಿನ ವರ್ಷ ಅಲ್ಲಿಯೇ ಮೆಕ್ಕೆಜೋಳ ಹಾಕುವುದು ಎಂಬ ಸರಳ ಕ್ರಮ ಹಳ್ಳಿಯಿಂದ ಹಳ್ಳಿಗೆ ಹರಡಿ ಸಾವಿರಾರು ಕುಟುಂಬಗಳನ್ನು ತಲುಪಿತು.

ತೊಡಕು ಎದುರಾದದ್ದು ಹೊಲದ ಆಚೆಗೆ. ಹೆಂಡತಿ ಬೆಳೆದ ನೆಲಕಡಲೆಯನ್ನು ಗಂಡ ಮಾರಿ ಹಣವನ್ನು ಕುಡಿತಕ್ಕೆ ಹಾಕುವುದು, ಸೊಪ್ಪು ಹೂಳುವ ಹೆಚ್ಚುವರಿ ಕೆಲಸವೆಲ್ಲ ಹೆಂಗಸರ ಮೇಲೆ ಬೀಳುವುದು, ಮಗುವಿಗೆ ಯಾವಾಗ ಏನು ತಿನ್ನಿಸಬೇಕೆಂಬುದನ್ನು ತಾಯಿಗಿಂತ ಅಜ್ಜಿಯೇ ತೀರ್ಮಾನಿಸುವುದು, ಇವೆಲ್ಲ ಹೊರಬಿದ್ದವು. ಆದ್ದರಿಂದ ಅಜ್ಜಿಯರನ್ನೂ ಗಂಡಸರನ್ನೂ ಸೇರಿಸಿ ಮಾತುಕತೆಯ ಗುಂಪುಗಳನ್ನು ಮಾಡಿದರು. ಕಾಳುಗಳ ಅಡುಗೆಯನ್ನು ಊರವರ ಮುಂದೆ ಮಾಡಿ ತೋರಿಸುವ ದಿನಗಳಲ್ಲಿ ಗಂಡಸರೂ ಸೌಟು ಹಿಡಿದರು. ಈ ಹಳ್ಳಿಗಳಲ್ಲಿ ಮಕ್ಕಳ ತೂಕ ಸುಧಾರಿಸಿದ್ದು ನಂತರದ ಅಧ್ಯಯನದಲ್ಲಿ ದಾಖಲಾಗಿದೆ. ಬುರ್ಕಿನಾ ಫಾಸೊದ ಗೂರ್ಮಾ ಪ್ರಾಂತದಲ್ಲಿ 2010ರಿಂದ 2012ರವರೆಗೆ ಹೆಲೆನ್ ಕೆಲ್ಲರ್ ಸಂಸ್ಥೆ ತಾಯಂದಿರಿಗೆ ತರಕಾರಿ ತೋಟ, ಕೋಳಿ ಮತ್ತು ಮಗುವಿನ ಆಹಾರದ ತಿಳಿವಳಿಕೆಯನ್ನು ಒಟ್ಟಿಗೆ ಒದಗಿಸಿದಾಗಲೂ ಎಳೆಯ ಮಕ್ಕಳ ರಕ್ತಹೀನತೆ ಕಡಿಮೆಯಾಯಿತು. ಎರಡೂ ಕಡೆ ಬೆಳೆಯೊಂದಿಗೆ ತಿಳಿವಳಿಕೆ ಸೇರಿತ್ತು ಎಂಬುದು ತಮ್ಮ ಪ್ರಶ್ನೆಗೆ ಮುಖ್ಯ.

ಶೌಚಾಲಯ, ಕೈತೊಳೆಯುವಿಕೆಗಳ ಬಗ್ಗೆಯೂ ಒಂದು ಮಾತು. ಜಿಂಬಾಬ್ವೆಯ ಎರಡು ಗ್ರಾಮೀಣ ಜಿಲ್ಲೆಗಳಲ್ಲಿ ನಡೆದ, 2019ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗವೊಂದರಲ್ಲಿ, ತಾಯಿಗೆ ತಿಳಿವಳಿಕೆ ಹೇಳಿ ಆರು ತಿಂಗಳ ನಂತರ ಮಗುವಿಗೆ ದಿನವೂ ಸ್ವಲ್ಪ ಪೋಷಕ ಪೇಸ್ಟ್ ಕೊಟ್ಟಾಗ ಕುಂಠಿತ ಬೆಳವಣಿಗೆ ಶೇ. 35ರಿಂದ 27ಕ್ಕೆ ಇಳಿಯಿತು, ಗುಂಡಿ ಶೌಚಾಲಯ ಮತ್ತು ಕೈತೊಳೆಯುವ ವ್ಯವಸ್ಥೆಗಳಿಂದ ಎತ್ತರದಲ್ಲಿ ವ್ಯತ್ಯಾಸ ಕಾಣಲಿಲ್ಲ. ಶೌಚಾಲಯ ಬೇಡವೆಂದು ಇದರ ಅರ್ಥವಲ್ಲ. ಅಷ್ಟು ಕನಿಷ್ಠ ಮಟ್ಟದ ಸ್ವಚ್ಛತೆ ಸಾಲದು ಎಂದು ಪರಿಣತರು ಅರ್ಥೈಸಿದ್ದಾರೆ. ಪೌಷ್ಟಿಕತೆಗೆ ಎಲ್ಲವೂ ಬೇಕು ಎಂದು ಸುಲಭವಾಗಿ ಹೇಳಿಬಿಡುವವರಿಗೆ ಈ ಫಲಿತಾಂಶ ಸ್ವಲ್ಪ ಇರಿಸುಮುರಿಸು ಉಂಟುಮಾಡಬೇಕು.

ಪ್ರಶ್ನೆ: ನಮ್ಮಲ್ಲಿ ಎಳೆಯ ಮಕ್ಕಳಿಗೆ ರಾಗಿ ಮಣ್ಣಿ ಕೊಡುತ್ತೇವೆ. ಅಲ್ಲಿಯವರಿಗೆ ರಾಗಿಯ ಪರಿಚಯ ಮಾಡಿಸಬಾರದೇ? (ಗೃಹಿಣಿ, ಬ್ರಹ್ಮಾವರ)

ಉತ್ತರ: ರಾಗಿಯ ತವರೇ ಅದು, ಅಮ್ಮ. ಇಥಿಯೋಪಿಯ, ಉಗಾಂಡಗಳ ಎತ್ತರದ ನಾಡಿನಲ್ಲಿ ಕೃಷಿಗೆ ಒಳಗಾಗಿ, ಸಾವಿರಾರು ವರ್ಷಗಳ ಹಿಂದೆ ಸಮುದ್ರ ದಾಟಿ ನಮ್ಮಲ್ಲಿಗೆ ಬಂದ ಧಾನ್ಯವದು. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ. ಉಗಾಂಡ, ಕೀನ್ಯಾಗಳಲ್ಲಿ ಇಂದಿಗೂ ರಾಗಿಯ ಗಂಜಿ ಕುಡಿಯುತ್ತಾರೆ. ಆದರೆ ತೆನೆಗೆ ಹಕ್ಕಿ ಬೀಳದಂತೆ ಕಾಯಲು ಜನ ಬೇಕು, ಶಾಲೆಗೆ ಹೋಗುವ ಮಕ್ಕಳು ಆ ಕೆಲಸಕ್ಕೆ ಸಿಗುವುದಿಲ್ಲ, ಸಿಪ್ಪೆಯೊಳಗೆ ಅಡಗಿರುವ ಮೆಕ್ಕೆಜೋಳಕ್ಕೆ ಆ ಕಾಟ ಕಡಿಮೆ. ರಾಗಿ, ಬಿಳಿಜೋಳಗಳು ಹಿಂದೆ ಸರಿಯಲು ಇದೂ ಒಂದು ಕಾರಣ.

ಗಂಜಿಯ ಮುಖ್ಯ ತೊಂದರೆ ಅದು ನೀರು ನೀರಾಗಿರುವುದು. ಮಗುವಿನ ಹೊಟ್ಟೆ ಚಿಕ್ಕದು. ತೆಳ್ಳಗೆ ಕಾಯಿಸಿದರೆ ಹೊಟ್ಟೆ ತುಂಬುತ್ತದೆ, ಶಕ್ತಿ ಸಾಲುವುದಿಲ್ಲ. ಗಟ್ಟಿಯಾಗಿ ಕಾಯಿಸಿದರೆ ನುಂಗಲಾಗುವುದಿಲ್ಲ. ತಾಂಜಾನಿಯಾದಲ್ಲಿ 1980ರ ದಶಕದಲ್ಲಿ ಪರೀಕ್ಷಿಸಿದ ಉಪಾಯವೆಂದರೆ, ಮೊಳಕೆ ಬರಿಸಿ ಒಣಗಿಸಿದ ಧಾನ್ಯದ ಹಿಟ್ಟನ್ನು ಗಟ್ಟಿ ಗಂಜಿಗೆ ಒಂದು ಚಿಟಿಕೆ ಬೆರೆಸುವುದು. ಮೊಳಕೆಯಲ್ಲಿರುವ ಅಮೈಲೇಸ್ ಎಂಬ ಕಿಣ್ವವು ಪಿಷ್ಟವನ್ನು ಒಡೆಯುವುದರಿಂದ ಗಂಜಿ ತೆಳುವಾಗುತ್ತದೆ, ಅದೇ ಬಟ್ಟಲಿನಲ್ಲಿ ಹೆಚ್ಚು ಹಿಟ್ಟು ಹಿಡಿಸುತ್ತದೆ. ಮೇಲೆ ಸ್ವಲ್ಪ ನೆಲಕಡಲೆ ಅರೆದು ಹಾಕಿದರೆ ಕೊಬ್ಬು, ಪ್ರೋಟೀನು ಎರಡೂ ಸೇರುತ್ತವೆ. ಆರು ತಿಂಗಳವರೆಗೆ ಮಾತ್ರ ಎದೆಹಾಲಿನ ಹೊರತು ಬೇರೇನೂ ಬೇಡ.

ಆದರೆ ನೆಲಕಡಲೆಯಾಗಲಿ ಮೆಕ್ಕೆಜೋಳವಾಗಲಿ ಚೆನ್ನಾಗಿ ಒಣಗಿರಲೇಬೇಕು. ತೇವದಲ್ಲಿಟ್ಟ ಕಾಳಿಗೆ ಹಿಡಿಯುವ ಬೂಸ್ಟಿನಿಂದ ಹುಟ್ಟುವ ಅಫ್ಲಾಟಾಕ್ಸಿನ್ ಎಂಬ ವಿಷ ಬೇಯಿಸಿದರೂ ಹೋಗುವುದಿಲ್ಲ. ಕೀನ್ಯಾದ ಪೂರ್ವಭಾಗದಲ್ಲಿ 2004ರಲ್ಲಿ ಇಂತಹ ಮೆಕ್ಕೆಜೋಳ ತಿಂದು 317 ಮಂದಿ ಕಾಯಿಲೆಬಿದ್ದು 125 ಮಂದಿ ಸತ್ತರು. ನೆಲದ ಮೇಲೆ ಹರಡದೆ ಟಾರ್ಪಾಲಿನ ಮೇಲೆ ಒಣಗಿಸುವುದು ಮೊದಲ ಹೆಜ್ಜೆ. ಅಲಸಂಡೆ ಕಾಳಿನ ಹುಳುವಿಗಾಗಿ ಕ್ಯಾಮರೂನಿನಲ್ಲಿ 1980ರ ದಶಕದಲ್ಲಿ ಆರಂಭವಾದ ಕೆಲಸದಿಂದ ರೂಪುಗೊಂಡ ಮೂರು ಪದರದ ಚೀಲವೂ ಉಪಯುಕ್ತ: ಒಳಗೆ ಎರಡು ದಪ್ಪ ಪ್ಲಾಸ್ಟಿಕ್ ಚೀಲ, ಹೊರಗೆ ನೇಯ್ದ ಚೀಲ. ಬಾಯಿ ಬಿಗಿದು ಕಟ್ಟಿದಾಗ ಹುಳುಗಳೇ ಒಳಗಿನ ಆಮ್ಲಜನಕವನ್ನು ಮುಗಿಸಿಕೊಂಡು ತಿನ್ನುವುದನ್ನು ನಿಲ್ಲಿಸುತ್ತವೆ. ಔಷಧಿ ಬೇಕಾಗಿಲ್ಲ, ಹುಳುವಿನ ಭಯಕ್ಕೆ ಕೊಯ್ಲಿನ ಮರುದಿನವೇ ಮಾರಬೇಕಾಗಿಯೂ ಇಲ್ಲ.

ಪ್ರಶ್ನೆ: ಕಿತ್ತಳೆ ಬಣ್ಣದ ಗೆಣಸಿನಿಂದ ಕುರುಡುತನ ತಪ್ಪಿಸಬಹುದು ಎಂಬುದು ಪ್ರಚಾರವೋ ನಿಜವೋ? (ಅಧ್ಯಾಪಕರು, ಕುಂದಾಪುರ)

ಉತ್ತರ: ನಿಜ. ‘ಎ’ ಜೀವಸತ್ವದ ಕೊರತೆಯಿಂದ ಮಕ್ಕಳಿಗೆ ಕುರುಡುತನ ಬರುತ್ತದೆ. ಮೈಯೊಳಗೆ ‘ಎ’ ಜೀವಸತ್ವವಾಗಿ ಬದಲಾಗುವ, ಬಿಳಿ ತಿರುಳಿನ ಗೆಣಸಿನಲ್ಲಿ ಇಲ್ಲದ ಬೀಟಾ ಕ್ಯಾರೊಟಿನ್ ಇದರಲ್ಲಿ ಹೇರಳವಾಗಿದ್ದು, ಸುಮಾರು 125 ಗ್ರಾಂ ಗೆಣಸು ಪುಟ್ಟ ಮಗುವಿನ ಒಂದು ದಿನದ ‘ಎ’ ಜೀವಸತ್ವದ ಅಗತ್ಯವನ್ನು ಪೂರೈಸುತ್ತದೆ. ಕೊಂಚ ಎಣ್ಣೆ ಅಥವಾ ನೆಲಕಡಲೆ ಜೊತೆಗಿದ್ದರೆ ಅದು ಮೈಗೆ ಹತ್ತುವುದು ಹೆಚ್ಚು. ಈ ಗೆಣಸನ್ನು ಅಭಿವೃದ್ಧಿಪಡಿಸಿ ಹರಡಿದ್ದಕ್ಕಾಗಿ, ಮೊಜಾಂಬಿಕ್‌ನಲ್ಲಿ ದುಡಿದ ಮರಿಯಾ ಆಂದ್ರಾದೆ, ಜ್ಯಾನ್ ಲೋ ಮತ್ತು ಉಗಾಂಡದ ರಾಬರ್ಟ್ ಮ್ವಾಂಗಾ ಅವರಿಗೆ, ಬೆಳೆಯಲ್ಲಿಯೇ ಪೋಷಕಾಂಶ ಹೆಚ್ಚಿಸುವ ಕಾರ್ಯಕ್ರಮವನ್ನು ಕಟ್ಟಿದ ಹೋವರ್ತ್ ಬೂಯಿಸ್ ಅವರೊಂದಿಗೆ, 2016ರ ವಿಶ್ವ ಆಹಾರ ಪ್ರಶಸ್ತಿ ಬಂದಿತು. ಕಷ್ಟವಿರುವುದು ಬಳ್ಳಿಯಲ್ಲಿ. ಗೆಣಸನ್ನು ಬಳ್ಳಿ ನೆಟ್ಟು ಬೆಳೆಯಬೇಕಾದ್ದರಿಂದ, ದೀರ್ಘ ಬೇಸಗೆಯಲ್ಲಿ ಬಳ್ಳಿ ಒಣಗಿಹೋದರೆ ಮಳೆ ಬಂದಾಗ ನೆಡಲು ಏನೂ ಇರುವುದಿಲ್ಲ. ಆಯ್ದ ಗೆಡ್ಡೆಗಳನ್ನು ಒಣ ಮರಳಿನಲ್ಲಿ ಹುಗಿದಿಟ್ಟು, ಮಳೆಗೆ ಮುಂಚೆ ನೀರುಣಿಸಿ ಚಿಗುರಿಸುವ ವಿಧಾನವನ್ನು ಈಗ ಹಲವು ದೇಶಗಳಲ್ಲಿ ಕಲಿಸುತ್ತಿದ್ದಾರೆ.

ಪ್ರಶ್ನೆ: ನಮ್ಮ ಗೋದಾಮುಗಳಲ್ಲಿ ಅಕ್ಕಿ ರಾಶಿಬಿದ್ದಿದೆ. ಅದನ್ನೇ ಕಳುಹಿಸಿದರೆ ಸಾಲದೇ? (ನಿವೃತ್ತ ನೌಕರರು, ಮಂಗಳೂರು)

ಉತ್ತರ: ಬರ, ಯುದ್ಧಗಳ ಕಾಲದಲ್ಲಿ ಕಳುಹಿಸಲೇಬೇಕು. ಪ್ರತಿವರ್ಷ ಕಳುಹಿಸಿದರೆ ಅಲ್ಲಿಯ ಬೆಳೆಗಾರನ ಧಾನ್ಯಕ್ಕೆ ಬೆಲೆ ಇಲ್ಲದಾಗುತ್ತದೆ. ಇಥಿಯೋಪಿಯ 2005ರಿಂದ ನಡೆಸುತ್ತಿರುವ ಯೋಜನೆಯಲ್ಲಿ ಕೆರೆ, ಬದು, ರಸ್ತೆಗಳ ಕೆಲಸ ಮಾಡಿದ ಬಡ ಕುಟುಂಬಗಳಿಗೆ ಹಸಿವಿನ ತಿಂಗಳುಗಳಲ್ಲಿ ಹಣ ಅಥವಾ ಧಾನ್ಯ ಸಿಗುತ್ತದೆ. ಎತ್ತು ಮಾರುವ ಮುನ್ನವೇ ನೆರವು ತಲುಪಬೇಕೆಂಬುದು ಅದರ ಉದ್ದೇಶ.

ಪ್ರಶ್ನೆ: ನನ್ನ ಮಗಳು ಪೌಷ್ಟಿಕತೆಯ ಕೆಲಸಕ್ಕಾಗಿ ಮಲಾವಿಗೆ ಹೊರಟಿದ್ದಾಳೆ. ಹಳ್ಳಿಗೆ ಹೋದ ಕೂಡಲೇ ಅವಳು ಏನನ್ನು ಗಮನಿಸಬೇಕು? (ಉಡುಪಿ)

ಉತ್ತರ: ತಾಯಂದಿರು ನಿನ್ನೆಯ ದಿನ ಏನೇನು ತಿಂದರು ಎಂದು ಕೇಳಲಿ. ಧಾನ್ಯ ಮತ್ತು ಗೆಡ್ಡೆ, ಬೇಳೆಕಾಳು, ಕಡಲೆಬೀಜದಂಥವು, ಹಾಲು, ಮೀನು-ಮಾಂಸ, ಮೊಟ್ಟೆ, ಕಡುಹಸಿರು ಸೊಪ್ಪು, ಹಳದಿ-ಕಿತ್ತಳೆ ಬಣ್ಣದ ಹಣ್ಣು-ತರಕಾರಿ, ಇತರ ತರಕಾರಿ, ಇತರ ಹಣ್ಣು ಎಂಬ ಹತ್ತು ಗುಂಪುಗಳಲ್ಲಿ ಕನಿಷ್ಠ ಐದಾದರೂ ಇರಬೇಕೆಂಬುದು ಅಂತರರಾಷ್ಟ್ರೀಯವಾಗಿ ಒಪ್ಪಿದ ಅಳತೆ. ಸೊಪ್ಪನ್ನು ಕೇಳುವಾಗ ಹರಿವೆ, ಅಲಸಂಡೆಯ ಎಲೆ, ಕುಂಬಳದ ಎಲೆಗಳನ್ನು ಹೆಸರು ಹೇಳಿಯೇ ಕೇಳಬೇಕು. ತಾನಾಗಿ ಬೆಳೆದ ಸೊಪ್ಪನ್ನು ಜನ ಊಟವೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಮಲಾವಿ ಸರೋವರದ ಉಸಿಪಾ ಎಂಬ ಸಣ್ಣ ಮೀನನ್ನು ಒಣಗಿಸಿ ಮುಳ್ಳುಸಹಿತ ತಿನ್ನುತ್ತಾರೆ, ಅದು ಮಕ್ಕಳ ಬಟ್ಟಲಿಗೂ ಬರುತ್ತದೆಯೇ ಎಂಬುದನ್ನು ವಿಚಾರಿಸಲಿ. ಮನೆಯ ದೊಡ್ಡವರಿಗೆ ಬಡಿಸಿ ಉಳಿದದ್ದು ಮಗುವಿಗೆ ಎಂಬ ರೂಢಿ ನಮ್ಮಲ್ಲಿಯೂ ಅಪರೂಪವಲ್ಲ. ಇವೇ ಪ್ರಶ್ನೆಗಳನ್ನು ಮೇ ತಿಂಗಳಲ್ಲಿ ಒಮ್ಮೆ, ಫೆಬ್ರುವರಿಯಲ್ಲಿ ಇನ್ನೊಮ್ಮೆ ಅದೇ ಮನೆಗಳಲ್ಲಿ ಕೇಳಿದರೆ ಯಾವ ಗುಂಪು ಯಾವ ತಿಂಗಳಲ್ಲಿ ತಟ್ಟೆಯಿಂದ ಮಾಯವಾಗುತ್ತದೆ ಎಂಬುದು ಗೊತ್ತಾಗುತ್ತದೆ, ಯಾವ ಬೀಜವನ್ನು ಹಂಚಬೇಕೆಂಬುದನ್ನು ಅದಾದ ಮೇಲೆ ನಿರ್ಧರಿಸಬಹುದು.