‘ಅಲಬಾಮಾದ ಗೆಲುವಿನ ಗುಟ್ಟು’ ಲೇಖನದ ಕುರಿತು

ಮಾನ್ಯರೇ,

ಅಮೆರಿಕದ ಅಲಬಾಮಾ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡದ ಬಗ್ಗೆ ನೀವು ಕಳುಹಿಸಿದ ‘ಅಲಬಾಮಾದ ಗೆಲುವಿನ ಗುಟ್ಟು’ ಲೇಖನವನ್ನು ಎರಡು ಬಾರಿ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ಆದರೆ ಆ ವಿಶ್ವವಿದ್ಯಾಲಯವಿರುವ ಟಸ್ಕಲೂಸಾದಲ್ಲಿ ಎರಡು ವರ್ಷ ಓದಿ ಬಂದ ನಿಮ್ಮಿಂದ ಇದಕ್ಕಿಂತ ಒಳ್ಳೆಯ ಬರಹ ಸಾಧ್ಯವೆನಿಸಿದ್ದರಿಂದ ಕಾರಣಗಳನ್ನು ಮುಚ್ಚುಮರೆಯಿಲ್ಲದೆ ತಿಳಿಸುತ್ತಿದ್ದೇನೆ.

ನಮ್ಮ ಓದುಗರಿಗೆ ಫುಟ್‌ಬಾಲ್ ಎಂದರೆ ಕಾಲಿನಿಂದ ಆಡುವ ಆಟ. ನೀವು ಹೇಳುತ್ತಿರುವುದು ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ನುಗ್ಗುವ ಅಮೆರಿಕದ ಆಟವೆಂಬುದು ಮೂರನೆಯ ಪುಟದವರೆಗೂ ತಿಳಿಯುವುದಿಲ್ಲ. ಊರಿನ ಜನಸಂಖ್ಯೆ ಎಷ್ಟೋ ಹೆಚ್ಚುಕಡಿಮೆ ಅಷ್ಟೇ, ಅಂದರೆ ಸುಮಾರು ಒಂದು ಲಕ್ಷ ಆಸನಗಳಿರುವ ಕಾಲೇಜು ಕ್ರೀಡಾಂಗಣವನ್ನು ಕಣ್ಣಾರೆ ಕಂಡವರು ನೀವು. ಆ ನೋಟ ಲೇಖನದಲ್ಲಿ ಎಲ್ಲಿಯೂ ಇಲ್ಲ; ‘ಅಪ್ರತಿಮ’ ಎಂಬ ಪದ ಮಾತ್ರ ಹನ್ನೊಂದು ಕಡೆ ಇದೆ.

ನಿಜವಾದ ತೊಡಕಿರುವುದು ವಾದದಲ್ಲಿ. ಸಮರ್ಥ ತರಬೇತುದಾರನೊಬ್ಬ ಸಿಕ್ಕರೆ ತಂಡ ಶಾಶ್ವತವಾಗಿ ಬೆಳಗುತ್ತದೆಂದು ಸಾಧಿಸಲು ಬೇರ್ ಬ್ರಯಂಟ್ ಅವರ ಆರು, ನಿಕ್ ಸೇಬನ್ ಅವರು ಅಲ್ಲಿ ಗಳಿಸಿದ ಆರು ರಾಷ್ಟ್ರೀಯ ಪ್ರಶಸ್ತಿಗಳನ್ನು ಇಸವಿಸಹಿತ ಪಟ್ಟಿ ಮಾಡಿದ್ದೀರಿ. ಆದರೆ 1982ರಲ್ಲಿ ಬ್ರಯಂಟ್ ನಿರ್ಗಮಿಸಿ 2007ರಲ್ಲಿ ಸೇಬನ್ ಬರುವವರೆಗಿನ ಸುಮಾರು ಕಾಲು ಶತಮಾನವು ‘ಕೆಲವು ಏರಿಳಿತಗಳ ನಂತರ’ ಎಂಬ ಮೂರೇ ಪದಗಳಲ್ಲಿ ಮುಗಿದುಹೋಗಿದೆ. ಆ ಅವಧಿಯಲ್ಲಿ ಬಂದದ್ದು 1992ರ ಒಂದೇ ಪ್ರಶಸ್ತಿ. ತರಬೇತುದಾರರು ಒಬ್ಬರ ಹಿಂದೊಬ್ಬರು ಬದಲಾದರು. ನಿಯಮೋಲ್ಲಂಘನೆಗಾಗಿ 2002ರಲ್ಲಿ ತಂಡ ದಂಡನೆಗೂ ಒಳಗಾಯಿತು. ಅಷ್ಟಾದರೂ ಅದು ಮತ್ತೆ ಎದ್ದು ನಿಂತದ್ದು ಹೇಗೆಂಬುದೇ ನಿಮ್ಮ ಪ್ರಶ್ನೆಯಾಗಬೇಕಿತ್ತು.

ಉತ್ತರಕ್ಕಾಗಿ ಅಲಬಾಮಾದ ಪಕ್ಕದಲ್ಲಿ ಇನ್ನೊಂದು ರಾಜ್ಯದ ವಿಶ್ವವಿದ್ಯಾಲಯ ತಂಡವಾದ ನೆಬ್ರಾಸ್ಕಾವನ್ನು ಇಟ್ಟು ನೋಡಿ. ತರಬೇತುದಾರರಾದ ಬಾಬ್ ಡೆವೇನಿ ಎರಡು, ಟಾಮ್ ಆಸ್ಬರ್ನ್ ಮೂರು ಪ್ರಶಸ್ತಿ ತಂದ ಆ ತಂಡವು 1969ರಿಂದ 2001ರವರೆಗೆ ಸತತ 33 ಋತುಗಳಲ್ಲಿ ಒಂಬತ್ತಕ್ಕೆ ಕಡಿಮೆಯಿಲ್ಲದಂತೆ ಪಂದ್ಯಗಳನ್ನು ಗೆದ್ದಿತ್ತು. ಹಣಕ್ಕೆ ಕೊರತೆಯಿರಲಿಲ್ಲ, ಅಭಿಮಾನಿಗಳಿಗಂತೂ ಇರಲೇ ಇಲ್ಲ. ಆದರೂ 1997ರ ನಂತರ ಒಂದು ರಾಷ್ಟ್ರೀಯ ಪ್ರಶಸ್ತಿಯೂ ಬಂದಿಲ್ಲ. ಒಂಬತ್ತು ಪಂದ್ಯ ಗೆದ್ದ ಋತುವಿನಲ್ಲೇ, 2003ರಲ್ಲಿ, ತರಬೇತುದಾರ ಫ್ರ್ಯಾಂಕ್ ಸೋಲಿಚ್ ಅವರನ್ನು ಕೆಲಸದಿಂದ ತೆಗೆದದ್ದೇ ಕಾರಣವೆನ್ನುವವರಿದ್ದಾರೆ. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಸುಮಾರು ಇಪ್ಪತ್ತು ಲಕ್ಷ ಜನರಷ್ಟೇ ಇರುವ ಆ ರಾಜ್ಯವು ಒಳ್ಳೆಯ ಆಟಗಾರರಿಗಾಗಿ ಯಾವಾಗಲೂ ದೂರದ ಟೆಕ್ಸಾಸ್, ಕ್ಯಾಲಿಫೋರ್ನಿಯಾಗಳತ್ತ ನೋಡಬೇಕಿತ್ತು. ಆ ಕೊರತೆಯನ್ನು ಅದು ತುಂಬಿಕೊಂಡದ್ದು ವಿದ್ಯಾರ್ಥಿವೇತನವಿಲ್ಲದೆಯೂ ತಂಡ ಸೇರುತ್ತಿದ್ದ ಸ್ಥಳೀಯ ಹುಡುಗರಿಂದ ಮತ್ತು 1969ರಲ್ಲಿ ಅಲ್ಲಿನ ಕಸರತ್ತು ತರಬೇತುದಾರ ಬಾಯ್ಡ್ ಎಪ್ಲಿ ಅವರು ಆರಂಭಿಸಿದ ಭಾರ ಎತ್ತುವ ಕಸರತ್ತಿನಿಂದ. ಭಾರ ಎತ್ತಿದರೆ ಆಟಗಾರನ ಚುರುಕು ಕುಂದುತ್ತದೆಂದು ಅನೇಕರು ನಂಬಿದ್ದ ಕಾಲ ಅದು. ಮುಂದೆ ಎಲ್ಲ ಕಾಲೇಜುಗಳೂ ಅಂಥ ಕಸರತ್ತು ಶಾಲೆಗಳನ್ನು ಕಟ್ಟಿಕೊಂಡವು. ಅಲಬಾಮಾದ ಸುತ್ತಲಿನ ಹೈಸ್ಕೂಲುಗಳಲ್ಲಿ ವರ್ಷವರ್ಷವೂ ಬೆಳೆದು ಬರುವ ಆಟಗಾರರನ್ನು ಮಾತ್ರ ಯಾರೂ ಹಾಗೆ ನಕಲು ಮಾಡಲಾರರು.

ಆದರೆ ಆಟಗಾರರನ್ನು ಬೆಳೆಸುವ ನೆಲವೊಂದೇ ಸಾಲದೆಂಬುದಕ್ಕೆ ನೀವು ಹಾರಿಸಿಬಿಟ್ಟ ಆ ಕಾಲು ಶತಮಾನವೇ ಸಾಕ್ಷಿ. ಆದ್ದರಿಂದ ಸೇಬನ್ ಅವರನ್ನು ಕೈಬಿಡಬೇಕಿಲ್ಲ, ಅವರ ಪಾಲು ಎಷ್ಟೆಂದು ಅಳೆದು ಬರೆಯಿರಿ. 2021ರಿಂದ ಆಟಗಾರರು ತಮ್ಮ ಹೆಸರಿನಿಂದ ಹಣ ಗಳಿಸಬಹುದು, ಕಾಲೇಜು ಬದಲಿಸುವುದೂ ಸುಲಭವಾಗಿದೆ. ಪ್ರತಿಭಾವಂತರನ್ನು ಮೀಸಲು ಸಾಲಿನಲ್ಲಿ ಕೂರಿಸಿಕೊಳ್ಳುವ ಹಳೆಯ ಅನುಕೂಲ ಇದರಿಂದ ಕರಗುತ್ತಿರುವುದಕ್ಕೂ ಒಂದು ಪ್ಯಾರಾ ಇರಲಿ.

ಪ್ರಶಸ್ತಿಗಳ ಪಟ್ಟಿಯನ್ನು ತೆಗೆದುಹಾಕಿ, 1982ರಿಂದ ಆರಂಭಿಸಿ, ಸಾವಿರ ಪದಗಳೊಳಗೆ ಮತ್ತೆ ಬರೆದು ಕಳುಹಿಸಿ. ಪಂದ್ಯ ನಡೆಯುವ ಕ್ರೀಡಾಂಗಣದ ಒಂದು ಶನಿವಾರವನ್ನು ಮರೆಯಬೇಡಿ.

ಇಂತು,
ಸಂಪಾದಕ